ಗೋಲ್ ಪೆರನ್ ಹಬ್ಬಕ್ಕೆ ತಯಾರಿ: ನನ್ನ ಕಾರ್ನಿಷ್ ಕಲಿಕೆ ಎಲ್ಲಿಗೆ ಬಂತು

ಮಾರ್ಚ್ 5 ಸಂತ ಪಿರಾನ್‌ನ ಹಬ್ಬ. ಇಂಗ್ಲೆಂಡಿನ ನೈರುತ್ಯ ಮೂಲೆಯ ಕಾರ್ನ್‌ವಾಲ್‌ನ ಭಾಷೆ ಕಾರ್ನಿಷ್, ಅದರಲ್ಲಿ ಈ ಹಬ್ಬಕ್ಕೆ ಗೋಲ್ ಪೆರನ್ ಅನ್ನುತ್ತಾರೆ. ಅಷ್ಟರೊಳಗೆ ಪಿರಾನ್‌ನ ಕತೆಯನ್ನು ಕಾಗದ ನೋಡದೆ ಕಾರ್ನಿಷ್‌ನಲ್ಲೇ ಹೇಳಬೇಕು ಅಂತ ಹಟ ಹಿಡಿದಿದ್ದೇನೆ. ಮುಕ್ಕಾಲು ಭಾಗ ಬಾಯಿಗೆ ಬಂದಿದೆ.

ಕತೆ ಇಷ್ಟು. ಐರ್ಲೆಂಡಿನಲ್ಲಿ ಪಿರಾನ್‌ನ ಕೊರಳಿಗೆ ಬೀಸುಕಲ್ಲು ಕಟ್ಟಿ ಸಮುದ್ರಕ್ಕೆ ದೂಡಿದರಂತೆ. ಕಲ್ಲು ಮುಳುಗಲಿಲ್ಲ, ತೇಲಿಕೊಂಡು ಕಾರ್ನ್‌ವಾಲ್‌ನ ಪೆರನ್‌ಪೋರ್ತ್ ದಂಡೆಗೆ ಬಂತು. ಅಲ್ಲಿ ಒಂದು ದಿನ ಒಲೆಯ ಕರಿಕಲ್ಲು ಕಾದು, ಅದರೊಳಗಿಂದ ಬೆಳ್ಳನೆಯ ತವರ ಶಿಲುಬೆಯ ಆಕಾರದಲ್ಲಿ ಹರಿಯಿತು. ಕಪ್ಪು ಬಟ್ಟೆಯ ಮೇಲೆ ಬಿಳಿ ಶಿಲುಬೆ ಇರುವ ಕಾರ್ನ್‌ವಾಲ್ ಬಾವುಟಕ್ಕೂ ಈ ಕತೆಗೂ ನಂಟು. ತವರದ ಗಣಿಯವರಿಗೆ ಪಿರಾನ್ ಕಾಯುವ ಸಂತ.

ಈಗ ವ್ಯಾಕರಣ. ಕಾರ್ನಿಷ್‌ನಲ್ಲಿ ಪದದ ಮೊದಲ ಅಕ್ಷರವೇ ಬದಲಾಗುತ್ತದೆ. ಶಿಲುಬೆಗೆ 'ಕ್ರೌಸ್', ಆದರೆ ಹಿಂದೆ 'ಅನ್' (ಇಂಗ್ಲಿಷ್‌ನ 'the' ಇದ್ದಂತೆ) ಸೇರಿದರೆ 'ಅನ್ ಗ್ರೌಸ್'. ಊರಿಗೆ 'ಟ್ರೇ', ಅದು 'ಅನ್ ಡ್ರೇ' ಆಗುತ್ತದೆ. 'ಪೆನ್' ಅಂದರೆ ತಲೆ, 'ನಿನ್ನ ತಲೆ' ಅನ್ನಲು 'ದ ಬೆನ್'. ಕಾರ್ನ್‌ವಾಲ್‌ಗೆ ಅವರು ಕೆರ್ನೋ ಅನ್ನುತ್ತಾರೆ, 'ಕಾರ್ನ್‌ವಾಲ್‌ಗೆ' ಅನ್ನುವಾಗ 'ದೆ ಗೆರ್ನೋ'. ಇಂಗ್ಲಿಷ್ ಮಾತ್ರ ಬಲ್ಲವರು ಇಲ್ಲಿಗೆ ಬಂದರೆ ತಲೆ ಕೆಡಿಸಿಕೊಳ್ಳುತ್ತಾರೆ. ನಮಗೆ ಇದು ಹೊಸದೇನಲ್ಲ ಅಲ್ವಾ? ಮಳೆ, ಕಾಲ ಸೇರಿ ಮಳೆಗಾಲ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಕಣ್, ಪನಿ ಸೇರಿ ಕಂಬನಿ. ಶಾಲೆಯಲ್ಲಿ ಓದಿದ ಅದೇ ಆದೇಶ ಸಂಧಿ! ಮ-ಕಾರವೂ ಹಾಗೇ: ಮೆಲ್, ಮಾತು ಸೇರಿ ಮೆಲ್ವಾತು, ಅವರ 'ಮಮ್', ಅಂದರೆ ಅಮ್ಮ, 'ಅನ್ ವಮ್'. ಕನ್ನಡದಲ್ಲಿ ಎರಡು ಪದ ಬೆಸೆದಾಗ ಆಗುತ್ತದೆ. ಅಲ್ಲಿ ಪದಗಳು ಬೇರೆಬೇರೆ ನಿಂತಿದ್ದರೂ, ಸ್ತ್ರೀಲಿಂಗ ಅಂತಲೋ ಹಿಂದಿನ ಪದದ ದೆಸೆಯಿಂದಲೋ ಆಗುತ್ತದೆ. ಕಾರಣ ಬೇರೆ, ಆದರೆ ಕಿವಿಗೆ ಒಗ್ಗುವುದು ಸುಲಭ. ಕನ್ನಡದವರಿಗೆ ಕಾರ್ನಿಷ್ ಕಲಿಸುವುದಾದರೆ ಉದ್ದುದ್ದ ಪಟ್ಟಿ ಕೊಡಬಾರದು, ಮಳೆಗಾಲದಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬಾವುಟದ 'ಬಿಳಿ ಶಿಲುಬೆ'ಯಲ್ಲಿ ಎರಡೂ ಪದ ಬದಲಾಗುತ್ತವೆ. 'ಗ್ವಿನ್' ಅಂದರೆ ಬಿಳಿ. ಶಿಲುಬೆ ಸ್ತ್ರೀಲಿಂಗ, ಹಾಗಾಗಿ 'ಅನ್ ಗ್ರೌಸ್ ವಿನ್'. ಇದನ್ನು ಸುಮ್ನೆ ಗುನುಗುತ್ತಾ ಓಡಾಡುತ್ತೇನೆ, ಅಷ್ಟು ಇಷ್ಟ.

ಹಬ್ಬದ ಆಸುಪಾಸಿನಲ್ಲಿ ಜನ ಬಾವುಟ ಹಿಡಿದು ಪೆರನ್‌ಪೋರ್ತ್ ಹತ್ತಿರದ ಮರಳು ದಿಬ್ಬ ದಾಟಿ ಪಿರಾನ್‌ನ ಪುಟ್ಟ ಪ್ರಾರ್ಥನಾ ಮಂದಿರದ ಜಾಗಕ್ಕೆ ನಡೆಯುತ್ತಾರೆ. ಅದನ್ನು ಕಾಪಾಡಲೆಂದೇ 1980ರಲ್ಲಿ ಮರಳಲ್ಲಿ ಹೂತಿದ್ದರು, 2014ರಲ್ಲಿ ಮತ್ತೆ ತೆಗೆದರು. ಬಳಕೆ ತಪ್ಪಿಹೋಗಿದ್ದ ಕಾರ್ನಿಷ್ ಭಾಷೆಯನ್ನೂ ಜನ ಹೀಗೇ ಮತ್ತೆ ಮೇಲೆತ್ತಿದ್ದಾರೆ. 1904ರಲ್ಲಿ ಹೆನ್ರಿ ಜೆನ್ನರ್ ಕಲಿಯುವವರಿಗಾಗಿ ಕೈಪಿಡಿ ತಂದರು. ಎಲ್ಲರೂ ಒಪ್ಪುವಂಥ ಬರಹದ ರೂಪ ಬರಲು 2008 ಆಯಿತು.

ಕತೆಯ ಕೊನೆಗೆ ನನ್ನದೊಂದು ತುಣುಕು ಸೇರಿಸುತ್ತಿದ್ದೇನೆ. ಕೋಲಾರದ ಚಿನ್ನದ ಗಣಿಯನ್ನು 1880ರ ದಶಕದಿಂದ ನಡೆಸಿದ್ದು ಜಾನ್ ಟೇಲರ್ ಅಂಡ್ ಸನ್ಸ್ ಅನ್ನುವ ಬ್ರಿಟಿಷ್ ಕಂಪನಿ. ಆಗ ಕಾರ್ನ್‌ವಾಲ್‌ನ ಗಣಿ ಕೆಲಸಗಾರರೂ ಕೆಜಿಎಫ್‌ಗೆ ಬಂದಿದ್ದರು. ಪಿರಾನ್‌ನ ಜನ ನಮ್ಮ ನೆಲಕ್ಕೂ ಇಳಿದಿದ್ದರು ಅನ್ನುವುದನ್ನು ಅವರ ಭಾಷೆಯಲ್ಲೇ ಹೇಳಬೇಕು. ಗಣಿ ಕೆಲಸಗಾರನಿಗೆ 'ಬಾಲ್‌ವೈಥರ್' ಅನ್ನುವ ಪದ ಸಿಕ್ಕಿದೆ. ಇನ್ನು ಭೂತಕಾಲದ ಕ್ರಿಯಾಪದಗಳನ್ನು ಗಟ್ಟಿ ಮಾಡಿಕೊಳ್ಳಬೇಕು. ಈ ವಾರ ಅದೇ ಕೆಲಸ.