ಹೆಸರಿಟ್ಟು ಕರೆಯದ ಪ್ರಾಣಿ

ನಮ್ಮ ಕಡೆ ದೀಪ ಹಚ್ಚಿದ ಮೇಲೆ ಯಾರೂ ಹಾವನ್ನು ಹಾವು ಎನ್ನುವುದಿಲ್ಲ, ಹುಳ ಎನ್ನುತ್ತಾರೆ. ನನ್ನ ಅಜ್ಜಿಯಂತೂ ಹಗಲಿನಲ್ಲಿಯೂ, ಊರಲ್ಲಿ ಯಾರಿಗೋ ಕಚ್ಚಿದ ಸುದ್ದಿ ಹೇಳಬೇಕಾದರೆ ‘ಹುಳ ಮುಟ್ಟಿದೆಯಂತೆ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು. ಹೆಸರು ಹಿಡಿದರೆ ಕರೆದಂತಾಗುತ್ತದೆ ಎಂಬುದು ಅವರ ಲೆಕ್ಕ. ಇದು ಮಲೆನಾಡಿನವರ ಮೂಢನಂಬಿಕೆ ಎಂದುಕೊಂಡು ಬೆಳೆದ ನನಗೆ, ತುರ್ಕಿ ಭಾಷೆಯಲ್ಲಿ ತೋಳಕ್ಕೆ ಇರುವ ‘ಕುರ್ತ್’ ಎಂಬ ಪದದ ಇನ್ನೊಂದು ಅರ್ಥ ಹುಳ ಎಂಬುದು ತಿಳಿದಾಗ ಆದ ಆಶ್ಚರ್ಯ ಸಣ್ಣದಲ್ಲ. ಹಳೆಯ ತುರ್ಕಿಯಲ್ಲಿ ತೋಳಕ್ಕೆ ‘ಬೋರಿ’ ಎಂಬ ಬೇರೆಯೇ ಪದವಿತ್ತು. ಕುರಿ ಕಾಯುವ ಜನ ಆ ಹೆಸರನ್ನು ಬಾಯಲ್ಲಿ ಹೇಳಲು ಅಂಜಿ ಹುಳ ಎನ್ನತೊಡಗಿ, ಕೊನೆಗೆ ಅದೇ ಹೆಸರಾಗಿ ನಿಂತಿತು ಎಂದು ಭಾಷಾ ವಿದ್ವಾಂಸರು ಸಾಮಾನ್ಯವಾಗಿ ವಿವರಿಸುತ್ತಾರೆ. ಅಂದಿನಿಂದ, ತೋಳವನ್ನು ತಮ್ಮ ನಾಡಿನ ಗುರುತು ಮಾಡಿಕೊಂಡವರ ಬಗ್ಗೆ ಓದುವುದು ನನಗೊಂದು ಗೀಳಾಗಿದೆ.

ತುರ್ಕರ ಕಥೆಯನ್ನು ಬರೆದಿಟ್ಟವರು ಅವರ ನೆರೆಯವರಾದ ಚೀನೀಯರು. ಶತ್ರುಗಳು ಒಂದು ಕುಲವನ್ನೇ ಕೊಚ್ಚಿಹಾಕಿ, ಹತ್ತು ವರ್ಷದ ಒಬ್ಬ ಹುಡುಗನ ಪಾದಗಳನ್ನು ಕತ್ತರಿಸಿ ಜೌಗಿನಲ್ಲಿ ಎಸೆದು ಹೋದರು. ಒಂದು ಹೆಣ್ಣು ತೋಳ ಅವನಿಗೆ ಮಾಂಸ ತಂದು ತಿನ್ನಿಸಿ ಬದುಕಿಸಿತು. ಮುಂದೆ ಅವನಿಂದಲೇ ಗರ್ಭ ಧರಿಸಿ, ಪರ್ವತದ ಗುಹೆಯೊಂದರಲ್ಲಿ ಹತ್ತು ಗಂಡುಮಕ್ಕಳನ್ನು ಹೆತ್ತಿತು. ಅವರಲ್ಲೊಬ್ಬನ ಸಂತತಿಯೇ ಕ್ರಿ.ಶ. 552ರಲ್ಲಿ ಸಾಮ್ರಾಜ್ಯ ಕಟ್ಟಿದ ಅಶಿನಾ ವಂಶ. ಅವರ ಧ್ವಜದ ತುದಿಯಲ್ಲಿ ಚಿನ್ನದ ತೋಳದ ತಲೆಯಿತ್ತು, ದೊರೆಯ ಅಂಗರಕ್ಷಕರನ್ನು ‘ಬೋರಿ’ಗಳೆಂದೇ ಕರೆಯುತ್ತಿದ್ದರು. ಹಟ್ಟಿಯಲ್ಲಿ ಉಚ್ಚರಿಸಲು ಹೆದರುವ ಹೆಸರು ಅರಮನೆಯಲ್ಲಿ ಬಿರುದಾಗುತ್ತದೆ ಎಂಬುದನ್ನು ಗಮನಿಸಬೇಕು. ತುರ್ಕಿ ಗಣರಾಜ್ಯ ಹುಟ್ಟಿದ ಮೇಲೆ 1927ರಲ್ಲಿ ಬಂದ ಐದು ಲಿರಾ ನೋಟಿನ ಮೇಲೂ ಓಡುವ ತೋಳದ ಚಿತ್ರವಿತ್ತು. ಈಗ ಆ ಬೂದು ತೋಳ ಅಲ್ಲಿನ ಉಗ್ರ ರಾಷ್ಟ್ರವಾದಿಗಳ ಕೈಗೂ ಸಿಕ್ಕಿದೆ. 2024ರ ಯೂರೋ ಕಪ್ ಫುಟ್‌ಬಾಲಿನಲ್ಲಿ ಆಸ್ಟ್ರಿಯಾದ ಮೇಲೆ ಎರಡು ಗೋಲು ಹೊಡೆದ ಮೆರಿಹ್ ದೆಮಿರಾಲ್ ಬೆರಳುಗಳಿಂದ ತೋಳದ ಮುಖ ಮಾಡಿ ತೋರಿಸಿದ್ದಕ್ಕೆ ಎರಡು ಪಂದ್ಯಗಳ ನಿಷೇಧಕ್ಕೆ ಒಳಗಾದ. ಗುಹೆಯಲ್ಲಿ ಮರಿ ಹಾಕಿದ ತಾಯಿಗೆ ಇದೆಲ್ಲ ಬೇಕಿತ್ತೇ ಎಂದು ನನಗೆ ಅನ್ನಿಸಿದ್ದುಂಟು.

ಎಸ್ಟೋನಿಯಾದ ಕಥೆ ಇದಕ್ಕಿಂತ ತಣ್ಣನೆಯದು, ಹಾಗಾಗಿಯೇ ನನಗೆ ಹೆಚ್ಚು ಇಷ್ಟ. ಆ ಪುಟ್ಟ ದೇಶ ತನ್ನ ನೂರನೆಯ ವರ್ಷ ಆಚರಿಸಿದ 2018ರಲ್ಲಿ ಅಲ್ಲಿನ ಪರಿಸರ ಸಂಘಟನೆಗಳು ಸೇರಿ ತೋಳವನ್ನು ರಾಷ್ಟ್ರಪ್ರಾಣಿಯಾಗಿ ಆರಿಸಿದವು. ಅಲ್ಲಿಯ ಹಳ್ಳಿಗರೂ ತೋಳವನ್ನು ನೇರವಾಗಿ ಹೆಸರಿಸುತ್ತಿರಲಿಲ್ಲ. ‘ಪೊದೆಯ ವಿಲ್ಲೆಮ್’ ಎಂದೋ ‘ಗೀರುಗಣ್ಣ’ ಎಂದೋ ಅಡ್ಡಹೆಸರಿನಿಂದ ಕರೆಯುತ್ತಿದ್ದರು. ರಾಷ್ಟ್ರಪ್ರಾಣಿಯ ಪಟ್ಟ ಕಟ್ಟಿದ ಮೇಲೂ ಅಲ್ಲಿ ಚಳಿಗಾಲದಲ್ಲಿ ಇಷ್ಟೇ ತೋಳ ಎಂದು ಮಿತಿ ಹಾಕಿ ಬೇಟೆಗೆ ಅನುಮತಿ ಕೊಡುತ್ತಾರೆ, ಕುರಿ ಕಳೆದುಕೊಂಡವನಿಗೆ ಪರಿಹಾರವನ್ನೂ ಕೊಡುತ್ತಾರೆ. ಇದರಲ್ಲಿ ಕಪಟವೇನೂ ನನಗೆ ಕಾಣುವುದಿಲ್ಲ. ತೋಳದ ಜೊತೆ ಬದುಕಿದವರ ವ್ಯವಹಾರ ಹೀಗೆಯೇ ಇರುತ್ತದೆ.

ರೋಮಿನ ತಾಯಿತೋಳ ಎಲ್ಲರಿಗೂ ಗೊತ್ತಿರುವುದೇ. ಒಂದು ಮಾತು ಮಾತ್ರ ಹೇಳಬೇಕು: ರೊಮ್ಯುಲಸ್ ಮತ್ತು ರೀಮಸ್ ಕೂಸುಗಳು ಮೊಲೆ ಚೀಪುವ ಆ ಪ್ರಸಿದ್ಧ ಕಂಚಿನ ಪ್ರತಿಮೆಯಲ್ಲಿ ಕೂಸುಗಳನ್ನು ಸೇರಿಸಿದ್ದು ಹದಿನೈದನೆಯ ಶತಮಾನದಲ್ಲಿ. ತೋಳವೂ ಪ್ರಾಚೀನವಲ್ಲ, ಮಧ್ಯಯುಗದ ಎರಕ ಎಂದು ಈಚಿನ ಪರೀಕ್ಷೆಗಳ ನಂತರ ಅನೇಕರು ಒಪ್ಪುತ್ತಾರೆ.

ಇನ್ನು ನಮ್ಮ ವಿಚಾರ. ಮಲೆನಾಡಿನವರಿಗೆ ತೋಳ ಪುಸ್ತಕದ ಪ್ರಾಣಿ. ಅದು ಬಯಲಿನದು, ಕುರುಚಲು, ಹುಲ್ಲುಗಾವಲು, ಕಲ್ಲುಗುಡ್ಡ ಬೇಕು ಅದಕ್ಕೆ. ಆಗುಂಬೆಯ ಜಡಿಮಳೆಯ ಕಾಡಿನಲ್ಲಿ ಅದಕ್ಕೆ ಕೆಲಸವಿಲ್ಲ. ಇಲ್ಲಿ ಗುಂಪು ಕಟ್ಟಿ ಬೇಟೆಯಾಡುವುದು ಸೀಳುನಾಯಿ. ಶಾಲೆಯಲ್ಲಿ ‘ತೋಳ ಬಂತು ತೋಳ’ ಓದುವಾಗ ನಾವೆಲ್ಲ ಮನಸ್ಸಿನಲ್ಲಿ ಚಿತ್ರಿಸಿಕೊಂಡದ್ದು ಕೆಂಚು ಬಣ್ಣದ, ಕರಿ ಬಾಲದ ಆ ಕಾಡುನಾಯಿಯನ್ನೇ. ತೋಳದ ಹೆಸರು ನಮ್ಮಲ್ಲಿ ಉಳಿದಿರುವುದು ‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಎಂಬ ಗಾದೆಯಲ್ಲಿ, ಅದೂ ಏಟು ತಿನ್ನುವ ಪಾತ್ರದಲ್ಲಿ. ಭಯವೂ ಭಕ್ತಿಯೂ ಹುಲಿಯ ಪಾಲು. ಹುಲಿಯಪ್ಪನಿಗೆ ಬನವಿದೆ, ಹೊಸನಗರದ ಘಟ್ಟಕ್ಕೆ ಹುಲಿಕಲ್ ಎಂಬ ಹೆಸರಿದೆ, ಹುಲಿಯೊಡನೆ ಹೋರಾಡಿ ಸತ್ತವನಿಗೆ ವೀರಗಲ್ಲಿದೆ, ಮೂಡಿಗೆರೆ ಬಳಿಯ ಅಂಗಡಿಯಲ್ಲಿ ‘ಹೊಯ್ ಸಳ’ ಎಂಬ ಒಂದು ಕೂಗಿನಿಂದ ರಾಜವಂಶವೇ ಹುಟ್ಟಿತೆಂಬ ಐತಿಹ್ಯವಿದೆ. 1973ರ ಹುಲಿ ಯೋಜನೆಯ ಹೊತ್ತಿಗೆ ಸಿಂಹವನ್ನು ಇಳಿಸಿ ಹುಲಿಯನ್ನು ದೇಶದ ರಾಷ್ಟ್ರಪ್ರಾಣಿ ಮಾಡಿದಾಗ ನಮ್ಮ ಹಿರಿಯರಿಗೆ ಅದು ಹೊಸ ವಿಷಯವೇ ಆಗಿರಲಿಕ್ಕಿಲ್ಲ.

ಹಾಗೆಂದು ಈ ದೇಶದ ನೆನಪಿನಲ್ಲಿ ತೋಳಕ್ಕೆ ಜಾಗವೇ ಇಲ್ಲವೆಂದಲ್ಲ. ಋಗ್ವೇದದ ಮೊದಲ ಮಂಡಲದಲ್ಲಿ ಋಜ್ರಾಶ್ವ ಎಂಬವನ ಪ್ರಸಂಗ ಬರುತ್ತದೆ. ಅವನು ಒಂದು ಹೆಣ್ಣು ತೋಳಕ್ಕೆ ನೂರು ಟಗರುಗಳನ್ನು ಕಡಿದು ಹಾಕುತ್ತಾನೆ, ಸಿಟ್ಟಾದ ತಂದೆ ಅವನನ್ನು ಕುರುಡನನ್ನಾಗಿ ಮಾಡುತ್ತಾನೆ, ಆಗ ಆ ತೋಳವೇ ಅವನ ಪರವಾಗಿ ಅಶ್ವಿನಿ ದೇವತೆಗಳನ್ನು ಕೂಗಿ ಕರೆಯುತ್ತದೆ. ಅವರು ಬಂದು ಕಣ್ಣು ಕೊಡುತ್ತಾರೆ. ನೂರು ಟಗರು ಕಳೆದುಕೊಂಡ ತಂದೆಯ ಕಡೆಯ ನ್ಯಾಯವನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಇನ್ನು ಭೀಮನ ‘ವೃಕೋದರ’ ಎಂಬ ಹೆಸರು. ತುಂಗೆಯ ದಡದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ನಮ್ಮ ಸೀಮೆಯಲ್ಲಿ ಭಾರತ ವಾಚನ ಕೇಳಿ ಬೆಳೆದವರಿಗೆ ಈ ಹೆಸರು ನಾಲಿಗೆಯ ತುದಿಯಲ್ಲಿರುತ್ತದೆ. ಆದರೆ ವೃಕವೆಂದರೆ ತೋಳ, ವೃಕೋದರನೆಂದರೆ ತೋಳದ ಹೊಟ್ಟೆಯವನು ಎಂದು ಬಿಡಿಸಿ ನೋಡಿದವರು ಕಡಿಮೆ. ನಾನೂ ನೋಡಿರಲಿಲ್ಲ, ಕಳೆದ ಸುಗ್ಗಿಯವರೆಗೆ.

ಭತ್ತದ ಕೊಯ್ಲು ಮುಗಿದ ಮೇಲೆ ಹಾವೇರಿ ಕಡೆಯ ಕುರಿಗಾಹಿಗಳು ಮಂದೆಯೊಡನೆ ಶಿಕಾರಿಪುರದ ಸುತ್ತ ಬರುತ್ತಾರೆ. ಗೊಬ್ಬರಕ್ಕಾಗಿ ಗದ್ದೆಯಲ್ಲಿ ಕುರಿ ನಿಲ್ಲಿಸಿಕೊಳ್ಳುವುದು ನಮ್ಮವರಿಗೆ ಲಾಭ. ನಮ್ಮ ನೆಂಟರ ಗದ್ದೆಯಲ್ಲಿ ಹೀಗೆ ಬೀಡುಬಿಟ್ಟಿದ್ದ ಒಬ್ಬ ಹಿರಿಯರ ಪಕ್ಕದಲ್ಲಿ ನಾನೊಂದು ಸಂಜೆ ಕುಳಿತೆ. ಅವರು ಗೂಟ ನೆಟ್ಟು ಸುತ್ತ ಬಲೆ ಕಟ್ಟಿದರು, ಅಂದೇ ಬೆಳಿಗ್ಗೆ ಹುಟ್ಟಿದ ಎರಡು ಮರಿಗಳನ್ನು ದೊಡ್ಡ ಬುಟ್ಟಿಯ ಅಡಿ ಕವುಚಿ ಮೇಲೊಂದು ಕಲ್ಲು ಹೇರಿದರು, ಆಮೇಲೆ ಕಂಬಳಿ ಹೊದ್ದು ಬೀಡಿ ಹಚ್ಚಿದರು. ನಿಮ್ಮ ಕಡೆ ತೋಳವಿದೆಯೇ ಎಂದು ಕೇಳಿದೆ. “ಅದಾವ್ರೀ. ರಾಣೆಬೆನ್ನೂರ ಗುಡ್ಡದಾಗ ಈಗೂ ಅದಾವು” ಎಂದರು. ಮರಿ ಒಯ್ಯುವುದಿಲ್ಲವೇ ಎಂದದ್ದಕ್ಕೆ ಬೂದಿ ಕೊಡವುತ್ತ, “ಒಯ್ತಾವ. ಒಯ್ಯದ ಏನ್ಮಾಡ್ತಾವ್ರೀ, ಅದಕ್ಕೂ ಹೊಟ್ಟಿ ಐತಲ್ಲ” ಎಂದರು. ಅಷ್ಟು ಹೊತ್ತಿನ ಮಾತಿನಲ್ಲಿ ಅವರು ಒಮ್ಮೆಯೂ ತೋಳ ಎನ್ನಲಿಲ್ಲ, ಅದು ಎಂದೇ ಮಾತು ಸಾಗಿಸಿದರು.

ಬ್ರಿಟಿಷರ ಕಾಲದಲ್ಲಿ ತೋಳ ಕೊಂದವರಿಗೆ ಸರ್ಕಾರ ಬಹುಮಾನ ಕೊಡುತ್ತಿತ್ತು. ಈಗ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಅದಕ್ಕೂ ಹುಲಿಯಷ್ಟೇ ರಕ್ಷಣೆಯಿದೆ. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರಿನ ತೋಳಧಾಮವೂ ಆಗಿದೆ. ಆದರೆ ಕಾಯ್ದೆಯ ಪುಸ್ತಕದಲ್ಲಿ ಹುಲ್ಲುಗಾವಲಿಗೆ ಕಾಡಿನ ಮರ್ಯಾದೆಯಿಲ್ಲ. ಕಂದಾಯದ ಭಾಷೆಯಲ್ಲಿ ಅದು ಪಾಳುಭೂಮಿ. ಮರ ತುಂಬಿದ್ದನ್ನಷ್ಟೇ ಕಾಡೆನ್ನುವ ನಮ್ಮಂಥ ಮಲೆನಾಡಿಗರ ಕಣ್ಣೂ ಇದರಲ್ಲಿ ಪಾಲುದಾರ. ತೋಳವನ್ನು ಹಾಗೂ ಹೀಗೂ ಉಳಿಸಿಕೊಂಡು ಬಂದದ್ದು ತೋಳದಿಂದ ನಷ್ಟ ಉಂಡ ಇಂಥ ಕಂಬಳಿಯವರೇ ಎಂದು ನಾನು ನಂಬಿದ್ದೇನೆ.

ಹೊರಡುವ ಹೊತ್ತಿಗೆ ಕತ್ತಲಾಗಿತ್ತು. ಮರಿಗಳ ಬುಟ್ಟಿ ಬದುವಿಗೆ ತೀರ ಹತ್ತಿರವಿತ್ತು, ಆ ಬದುವಿನ ತುಂಬ ಇಲಿಬಿಲ. “ಯಜಮಾನ್ರೇ, ಅಲ್ಲಿ ಹುಳ ಇರ್ತದೆ” ಎಂದೆ. ಅವರು ಯಾವ ಹುಳವೆಂದು ಕೇಳಲಿಲ್ಲ. ಎದ್ದು ಹೋಗಿ, ಕಲ್ಲು ಇಳಿಸಿ, ಬುಟ್ಟಿಯನ್ನು ಮರಿಗಳ ಸಮೇತ ಗದ್ದೆಯ ನಡುವಿಗೆ ಎಳೆದು ತಂದರು.