ಸೆಕೆಂಡ್ ಹ್ಯಾಂಡ್ ಆಕ್ಟೇವಿಯಾ: 1.8 ತಗೊಳ್ಳೋದಾ, 2.0 ತಗೊಳ್ಳೋದಾ?

"ಸಾರ್, ವಿಆರ್‌ಎಸ್‌ಗೆ ಅಷ್ಟೊಂದು ದುಡ್ಡು ಸುರಿಯೋ ಬದಲು 1.8 ತಗೊಂಡ್ರೆ ಸಾಲಲ್ವಾ?" ಅಂತ ಕೇಳೋರು ಕೇಳ್ತಾನೇ ಇರ್ತಾರೆ. (ವಿಆರ್‌ಎಸ್ ಅಂದ್ರೆ ಆಕ್ಟೇವಿಯಾದ ಸ್ಪೋರ್ಟಿ ಮಾಡೆಲ್.) ಇನ್ನು ಕೆಲವ್ರು ಉಲ್ಟಾ, "1.8 ಯಾಕಣ್ಣ, ತಗೊಂಡ್ರೆ 2.0ನೇ ತಗೋಬೇಕು ತಾನೇ" ಅಂತಾರೆ. ಇಬ್ರಿಗೂ ನಾನು ಹೇಳೋದು ಒಂದೇ, ಸಿಸಿ, ಅಂದ್ರೆ ಎಂಜಿನ್ ಸೈಜ್ ನೋಡಿ ಕಾರ್ ಆರಿಸಬೇಡಿ. ಮೊದ್ಲು ಆ ಎಂಜಿನ್ ಜೊತೆ ಯಾವ ಗೇರ್‌ಬಾಕ್ಸ್ ಬಂದಿದೆ ನೋಡಿ, ಆಮೇಲೆ ನಿಮ್ಮ ಮುಂದೆ ನಿಂತಿರೋ ಆ ಒಂದು ಕಾರಿನ ಹಿಸ್ಟರಿ ನೋಡಿ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮಾತಾಡ್ತಿರೋದು ಸ್ಕೋಡಾ ಆಕ್ಟೇವಿಯಾ ಬಗ್ಗೆ. ನಾಲ್ಕು ಬಾಗ್ಲು ದೊಡ್ಡ ಡಿಕ್ಕಿ ಇದೆ ಅಂತ ಇದನ್ನ ಸ್ಪೋರ್ಟ್ಸ್ ಕಾರ್ ಅಲ್ಲ ಅನ್ನೋರು ಒಂದ್ಸಲ ವಿಆರ್‌ಎಸ್ ಓಡ್ಸಿ ಬಂದು ಮಾತಾಡ್ಲಿ. 2013ರಲ್ಲಿ ಇಲ್ಲಿಗೆ ಬಂದ ಮಾಡೆಲ್‌ನಲ್ಲಿ ಪೆಟ್ರೋಲ್‌ಗೆ 1.4 ಮತ್ತು 1.8 ಇತ್ತು, ಅದೇ ಬಾಡಿಯಲ್ಲಿ 2017ರಲ್ಲಿ 2.0 ಹಾಕಿ ವಿಆರ್‌ಎಸ್ 230 ಬಂತು, 2020ರಲ್ಲಿ ವಿಆರ್‌ಎಸ್ 245 ಬಂತು, ಬರೀ 200 ಕಾರು, ಎಕ್ಸ್ ಶೋರೂಮ್ 35.99 ಲಕ್ಷ. 2021ರಲ್ಲಿ ಹೊಸ ಬಾಡಿ ಬಂದಾಗ ಮಾಮೂಲಿ ಆಕ್ಟೇವಿಯಾಗೂ 2.0 ಎಂಜಿನ್ನೇ ಕೊಟ್ರು, ಆದ್ರೆ ಪವರ್ 190 ಪಿಎಸ್‌ಗೆ (ಹಾರ್ಸ್‌ಪವರ್ ಥರದ್ದೇ ಅಳತೆ) ಟ್ಯೂನ್ ಮಾಡಿ.

ಈಗ ಸಿಸಿ ಲೆಕ್ಕಕ್ಕೆ ಬರೋಣ. 1.8 ಅಂದ್ರೆ 1798 ಸಿಸಿ, 2.0 ಅಂದ್ರೆ 1984. ಎರಡೂ ಇಎ888 ಅನ್ನೋ ಒಂದೇ ಫ್ಯಾಮಿಲಿಯ ಎಂಜಿನ್, ಸಿಲಿಂಡರ್ ಅಗಲ ಎರಡರಲ್ಲೂ 82.5 ಮಿಲಿಮೀಟರೇ, ಪಿಸ್ಟನ್ ಮೇಲೆ ಕೆಳಗೆ ಓಡಾಡೋ ದೂರ ಮಾತ್ರ 1.8ರಲ್ಲಿ ಸುಮಾರು 84, 2.0ರಲ್ಲಿ 92.8. ವ್ಯತ್ಯಾಸ ಬರೀ 186 ಸಿಸಿ. ಟರ್ಬೋ ಇಲ್ಲದ ಎಂಜಿನ್ ಆಗಿದ್ರೆ ಸಿಸಿ ಜಾಸ್ತಿ ಇದ್ದಷ್ಟೂ ತಾಕತ್ತು ಜಾಸ್ತಿ ಅಂತ ಕಣ್ಣು ಮುಚ್ಕೊಂಡು ಹೇಳಬಹುದಿತ್ತು, ಟರ್ಬೋ ಬಂದ ಮೇಲೆ ಗಾಳಿನ ಎಷ್ಟು ಒತ್ತಿ ಒಳಗೆ ತುಂಬ್ತಾರೆ ಅನ್ನೋದೇ ಮುಖ್ಯ. ಅದಕ್ಕೇ ನೋಡಿ, ಅದೇ 1984 ಸಿಸಿಯಿಂದ ಒಂದು ಕಾರಲ್ಲಿ 190 ಪಿಎಸ್ ತೆಗೆದಿದ್ದಾರೆ, ಇನ್ನೊಂದ್ರಲ್ಲಿ 230, ಮತ್ತೊಂದ್ರಲ್ಲಿ 245. ಇನ್ನೂ ಮಜಾ ಏನಂದ್ರೆ 1.4ರ ಟಾರ್ಕೂ, ಅಂದ್ರೆ ಎಳೆಯೋ ಬಲ, 250 ನ್ಯೂಟನ್ ಮೀಟರ್, 1.8ರ ಟಾರ್ಕೂ 250. ಅಷ್ಟು ದೊಡ್ಡ ಎಂಜಿನ್ನಲ್ಲಿ ಟಾರ್ಕ್ ಅಷ್ಟೇ ಯಾಕೆ? ಎಂಜಿನ್‌ಗೆ ಆಗಲ್ಲ ಅಂತ ಅಲ್ಲ, ಅದರ ಹಿಂದೆ ಕೂತಿರೋ ಗೇರ್‌ಬಾಕ್ಸ್‌ಗೆ ತಡೆಯಲ್ಲ ಅಂತ.

1.8ರ ಜೊತೆ ಬರೋದು ಡಿಕ್ಯೂ200 ಅನ್ನೋ 7 ಸ್ಪೀಡ್ ಡಿಎಸ್‌ಜಿ, ಅಂದ್ರೆ ತಾನಾಗೇ ಗೇರ್ ಬದಲಾಯಿಸೋ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಒಳಗೆ ಎರಡು ಕ್ಲಚ್, ಎರಡೂ ಡ್ರೈ, ಅಂದ್ರೆ ನಮ್ಮ ಮಾಮೂಲಿ ಮ್ಯಾನ್ಯುಯಲ್ ಕಾರಿನ ಕ್ಲಚ್ ಥರ ಗಾಳಿಯಲ್ಲೇ ತಣ್ಣಗಾಗಬೇಕು. ಅದರ ಮಿತಿ 250 ನ್ಯೂಟನ್ ಮೀಟರ್. ಹೈವೇನಲ್ಲಿ ಬೆಣ್ಣೆ ಥರ ಗೇರ್ ಬದಲಾಗತ್ತೆ, ಎಣ್ಣೆಯಲ್ಲಿ ತಿರುಗೋ ಕ್ಲಚ್ ಅಲ್ವಲ್ಲ ಅದಕ್ಕೆ ಪೆಟ್ರೋಲೂ ಉಳಿಯತ್ತೆ. ಕಷ್ಟ ಶುರುವಾಗೋದು ಸಿಲ್ಕ್ ಬೋರ್ಡ್‌ನಲ್ಲಿ, ಹೆಬ್ಬಾಳದಲ್ಲಿ. ಬ್ರೇಕ್ ಅರ್ಧ ಒತ್ಕೊಂಡು ಮೂರಡಿ ಮುಂದೆ, ಮತ್ತೆ ನಿಲ್ಸು, ಮತ್ತೆ ಮೂರಡಿ, ಹೀಗೆ ಹೋಗ್ತಿದ್ರೆ ಕ್ಲಚ್ ಪೂರ್ತಿ ಹಿಡಿಯೋದೂ ಇಲ್ಲ ಪೂರ್ತಿ ಬಿಡೋದೂ ಇಲ್ಲ, ಉಜ್ಜಿ ಉಜ್ಜಿ ಬಿಸಿಯಾಗತ್ತೆ, ಆಮೇಲೆ ಒಂದರಿಂದ ಎರಡನೇ ಗೇರ್‌ಗೆ ಹೋಗುವಾಗ ಕಾರು ಗಡಗಡ ಅಂತ ನಡುಗತ್ತೆ. ಇದು ಯಾರೋ ಕಟ್ಟಿದ ಕತೆ ಅಲ್ಲ. ಚೀನಾದಲ್ಲಿ 2012ರಲ್ಲಿ ಈ ಗೇರ್‌ಬಾಕ್ಸ್‌ಗೆ ಕಂಪನಿಯೇ 10 ವರ್ಷ, 1,60,000 ಕಿಲೋಮೀಟರ್‌ವರೆಗೂ ವಾರಂಟಿ ಎಳೆದು ಕೊಡಬೇಕಾಯ್ತು, 2013ರಲ್ಲಿ ಜಗತ್ತಿನ ತುಂಬ ರೀಕಾಲ್ ಮಾಡಿ ಒಳಗಿದ್ದ ಸಿಂಥೆಟಿಕ್ ಎಣ್ಣೆ ತೆಗೆದು ಮಿನರಲ್ ಎಣ್ಣೆ ಹಾಕಿದ್ರು. ಆಮೇಲಿನ ವರ್ಷಗಳಲ್ಲಿ ತುಂಬ ಸುಧಾರಿಸಿದೆ, ಆದ್ರೂ ಡ್ರೈ ಕ್ಲಚ್ ಡ್ರೈ ಕ್ಲಚ್ಚೇ. ಇನ್ನು ಮೆಕಾಟ್ರಾನಿಕ್ ಅಂತಾರಲ್ಲ, ಗೇರ್ ಬದಲಾಯಿಸೋ ಆ ಹೈಡ್ರಾಲಿಕ್ ಕಂಪ್ಯೂಟರ್ ಡಬ್ಬ, ಅದು ಹೋದ್ರೆ ಬಿಲ್ ಲಕ್ಷದ ಮಾತು.

2.0ರ ವಿಆರ್‌ಎಸ್ 230ಗೆ ಬರೋದು ಡಿಕ್ಯೂ250, 6 ಸ್ಪೀಡ್, ಕ್ಲಚ್‌ಗಳು ಎಣ್ಣೆಯಲ್ಲಿ ಮುಳುಗಿರತ್ತೆ, ಬಿಸಿಯನ್ನ ಎಣ್ಣೆ ಹೊತ್ಕೊಂಡು ಹೋಗತ್ತೆ. 245ಕ್ಕೂ ಆಮೇಲಿನ 190 ಪಿಎಸ್ ಕಾರಿಗೂ ಡಿಕ್ಯೂ381, 7 ಸ್ಪೀಡ್, ಅದೂ ವೆಟ್ ಕ್ಲಚ್ಚೇ. ನನ್ನ ಮಟ್ಟಿಗೆ 1.8ಕ್ಕೂ 2.0ಕ್ಕೂ ಇರೋ ನಿಜವಾದ ವ್ಯತ್ಯಾಸ ಇದೇ, ಆ 186 ಸಿಸಿ ಅಲ್ಲ. ಒಂದೇ ಶರತ್ತು, ಡಿಕ್ಯೂ250ಕ್ಕೆ ಪ್ರತಿ 60,000 ಕಿಲೋಮೀಟರ್‌ಗೆ ಗೇರ್‌ಬಾಕ್ಸ್ ಎಣ್ಣೆ, ಫಿಲ್ಟರ್ ಎರಡೂ ಬದಲಾಯಿಸಲೇಬೇಕು. 70,000 ಓಡಿರೋ ವಿಆರ್‌ಎಸ್ ನೋಡೋಕೆ ಹೋದ್ರೆ ಮೊದ್ಲು ಆ ಒಂದು ಬಿಲ್ ಕೇಳಿ. ತೋರಿಸಲಿಲ್ಲ ಅಂದ್ರೆ ಆ ಕಾರನ್ನ ಉಳಿದ ವಿಷಯದಲ್ಲೂ ಹೇಗೆ ನೋಡ್ಕೊಂಡಿದ್ದಾರೆ ಅಂತ ಅಲ್ಲೇ ಅರ್ಥ ಆಗತ್ತೆ.

ಓಡ್ಸೋಕೆ ಹೇಗಿರತ್ತೆ ಅಂದ್ರಾ? 1.8 ಏನೂ ಸಪ್ಪೆ ಕಾರಲ್ಲ, 180 ಪಿಎಸ್ ಇದೆ, ಟಾರ್ಕ್ 1250 ಆರ್‌ಪಿಎಂಗೇ ಪೂರ್ತಿ ಕೈಗೆ ಸಿಗತ್ತೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿ ತೆಳು, ಟರ್ಬೋ ಇಲ್ಲದ ಕಾರು ಇಲ್ಲಿ ಸ್ವಲ್ಪ ಸೊರಗತ್ತೆ, ಟರ್ಬೋ ಇರೋದು ಒತ್ತಿ ತುಂಬ್ಕೊಂಡು ಸರಿದೂಗಿಸತ್ತೆ, ಹಾಗಾಗಿ ಎರಡೂ ಕಾರು ಇಲ್ಲಿ ಚೆನ್ನಾಗೇ ಎಳೀತವೆ. ಆದ್ರೆ ವಿಆರ್‌ಎಸ್ 230ರ 350 ನ್ಯೂಟನ್ ಮೀಟರ್ ಬೇರೇನೇ ಲೋಕ. ಮೂರನೇ ಗೇರ್‌ನಲ್ಲಿ ಲಾರಿ ಹಿಂದಿಂದ ಹೊರಗೆ ಬಂದು ಒತ್ತಿದ್ರೆ ಓವರ್‌ಟೇಕ್ ಮುಗಿದೇ ಹೋಗಿರತ್ತೆ. ಅಷ್ಟೂ ತಾಕತ್ತು ಮುಂದಿನ ಎರಡು ಚಕ್ರಕ್ಕೆ ಮಾತ್ರ ಹೋಗೋದು ಅನ್ನೋದನ್ನ ಮರೀಬೇಡಿ, ಮಳೆಗಾಲದಲ್ಲಿ ಚಾರ್ಮಾಡಿ ತಿರುವಿಂದ ಹೊರಗೆ ಬರುವಾಗ ಬಲವಾಗಿ ಒತ್ತಿದ್ರೆ ಚಕ್ರ ಸುಮ್ನೆ ಸುತ್ತತ್ತೆ, ಸ್ಟೀರಿಂಗ್ ಕೈ ಎಳೆಯತ್ತೆ. ಟೈರ್ ಸವೆದಿರೋ ವಿಆರ್‌ಎಸ್‌ನಲ್ಲಿ ಘಾಟಿಗೆ ಹೋಗೋದು ದಯವಿಟ್ಟು ಬೇಡ. ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಹೇಗಿದ್ರೂ 100ರ ಮೇಲೆ ಹೋಗಂಗಿಲ್ಲ, ಕ್ಯಾಮೆರಾ ಇದೆ, ಅಲ್ಲಿಗೆ ಮಾತ್ರ ಅಂದ್ರೆ 1.8 ಧಾರಾಳ ಸಾಕು.

1.8 ತಗೊಳ್ಳೋರು ಎಲ್ಲಕ್ಕಿಂತ ಹೆಚ್ಚು ಹುಷಾರಾಗಿರಬೇಕಾದ್ದು ರೀಮ್ಯಾಪ್ ವಿಷಯದಲ್ಲಿ. ಲ್ಯಾಪ್‌ಟಾಪ್ ಹಾಕಿ ಸಾಫ್ಟ್‌ವೇರ್ ಬದಲಾಯಿಸಿದ್ರೆ ಈ ಎಂಜಿನ್ ಸಲೀಸಾಗಿ ಜಾಸ್ತಿ ಪವರ್ ಕೊಡತ್ತೆ, ಸ್ಟೇಜ್ 1 ಅಂತಾರಲ್ಲ ಅದು. ಎಂಜಿನ್ ತಡಕೊಳ್ಳತ್ತೆ ಸರಿ, ಆದ್ರೆ ಆಗಲೇ ಹೇಳಿದ್ನಲ್ಲ, ಗೇರ್‌ಬಾಕ್ಸ್‌ನ ಮಿತಿಯೇ 250. ಅದನ್ನ ದಾಟಿಸಿ ಎರಡು ಮೂರು ವರ್ಷ ಓಡ್ಸಿ, ಮಾರೋ ಮುಂಚೆ ವಾಪಸ್ ಸ್ಟಾಕ್ ಸಾಫ್ಟ್‌ವೇರ್ ಹಾಕಿ, "ಸಾರ್ ಫುಲ್ ಸ್ಟಾಕ್, ಒಂದು ನಟ್ಟೂ ಮುಟ್ಟಿಲ್ಲ" ಅನ್ನೋರು ಇದ್ದಾರೆ. ಆಥರೈಸ್ಡ್ ಸರ್ವೀಸ್‌ನಲ್ಲಿ ಸ್ಕ್ಯಾನ್ ಮಾಡ್ಸಿದ್ರೆ ಟಿಡಿ1 ಅನ್ನೋ ಗುರುತು ಬಿದ್ದಿದೆಯಾ ಅಂತ ಗೊತ್ತಾಗತ್ತೆ, ಇಸಿಯು, ಅಂದ್ರೆ ಎಂಜಿನ್ ಕಂಪ್ಯೂಟರ್, ಟ್ಯೂನ್ ಆಗಿದ್ದು ಕಂಪನಿ ಸಿಸ್ಟಮ್ ಕಣ್ಣಿಗೆ ಬಿದ್ರೆ ಹಾಕೋ ಗುರುತು ಅದು. ಅದಿಲ್ಲ ಅಂದ ಮಾತ್ರಕ್ಕೆ ನಿಶ್ಚಿಂತೆ ಅಂತೇನೂ ಅಲ್ಲ, ಬಾನೆಟ್ ಎತ್ತಿ ಏರ್ ಫಿಲ್ಟರ್ ಡಬ್ಬದ ಸ್ಕ್ರೂ, ಪೈಪಿನ ಕ್ಲಿಪ್ಪು ಪದೇ ಪದೇ ಬಿಚ್ಚಿದ ಥರ ಗೀರು ಬಿದ್ದಿದೆಯಾ ಅಂತಾನೂ ನೋಡಿ.

ಟೆಸ್ಟ್ ಡ್ರೈವ್‌ಗೆ ಹೋಗುವಾಗ "ಎಂಜಿನ್ ತಣ್ಣಗೇ ಇರ್ಲಿ, ನಾನು ಬಂದ ಮೇಲೇ ಸ್ಟಾರ್ಟ್ ಮಾಡೋಣ" ಅಂತ ಮೊದ್ಲೇ ಹೇಳ್ಬಿಡಿ. ತಣ್ಣಗಿರೋ ಎಂಜಿನ್ ಸ್ಟಾರ್ಟ್ ಆದಾಗ ಒಳಗಿನ ಟೈಮಿಂಗ್ ಚೈನ್ ಕಟಕಟ ಅಂದ್ರೆ ಅಲ್ಲೇ ನಿಲ್ಸಿ. ಇಂಟೇಕ್ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಹೋಗೋ ಪೈಪು) ಕೆಳಗೆ ಟಾರ್ಚ್ ಬಿಟ್ಟು ನೋಡಿ, ಒಣಗಿದ ಗುಲಾಬಿ ಬಣ್ಣದ ಕೂಲಂಟ್ ಕಲೆ ಕಂಡ್ರೆ ವಾಟರ್ ಪಂಪ್ ಹೌಸಿಂಗ್ ಸೋರ್ತಿದೆ ಅಂತ, ಪ್ಲಾಸ್ಟಿಕ್ಕಿಂದು ಅದು, ಈ ಎಂಜಿನ್‌ಗಳ ಹಳೇ ಕಾಯಿಲೆ, 1.8ಕ್ಕೂ ಇದೆ 2.0ಕ್ಕೂ ಇದೆ. ಆಮೇಲೆ ಖಾಲಿ ರೋಡಲ್ಲಿ ಓಡ್ಸಿ ಖುಷಿಪಡಬೇಡಿ, ಬೇಕಂತಲೇ ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ಸುತ್ತಾಡ್ಸಿ, ಗೇರ್‌ಬಾಕ್ಸ್ ಬಿಸಿಯಾಗ್ಲಿ. ಆಗ ಸಮತಟ್ಟಾದ ಕಡೆ ಬ್ರೇಕಿಂದ ಕಾಲು ತೆಗೀರಿ, ಆಕ್ಸಿಲರೇಟರ್ ಮುಟ್ಟಬೇಡಿ, ಕಾರು ತಾನಾಗೇ ನಯವಾಗಿ ಮುಂದೆ ತೆವಳಬೇಕು. ಯಾವ್ದಾದ್ರೂ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್ ರ‍್ಯಾಂಪ್‌ನಲ್ಲಿ ರಿವರ್ಸ್‌ನಲ್ಲಿ ಮೇಲಕ್ಕೆ ಹತ್ಸಿ, ಕ್ಲಚ್ ಸವೆದಿದ್ರೆ ಅಲ್ಲಿ ಮುಚ್ಚಿಡೋಕಾಗಲ್ಲ, ಸೀಟಿಗೇ ನಡುಕ ಬರತ್ತೆ. ಮೀಟರ್‌ನಲ್ಲಿ ಗೇರ್ ಅಕ್ಷರ ಮಿಣುಕಿದ್ರೆ ಮಾತೇ ಬೇಡ, ಕೀ ವಾಪಸ್ ಕೊಟ್ಟು ಬನ್ನಿ.

ಕಾಗದ ಪತ್ರದಲ್ಲಿ ಒಂದು ವಿಷಯ. 1.8ರ ಹಿಂದೆ ವಿಆರ್‌ಎಸ್ ಬ್ಯಾಡ್ಜ್ ಅಂಟ್ಸಿ, ಗ್ರಿಲ್ ಬದಲಾಯಿಸಿ ಮಾರೋಕಿಟ್ಟಿರೋ ಕಾರುಗಳಿವೆ, ಆರ್‌ಸಿ ತೆಗೆದು ಸಿಸಿ ನೋಡಿ, 1984 ಇರ್ಬೇಕು. (ಲಾರಾ ಅನ್ನೋ ಹೆಸರಲ್ಲಿ ಇಲ್ಲಿ ಮಾರಿದ ಹಿಂದಿನ ಆಕ್ಟೇವಿಯಾದ 2011ರ ವಿಆರ್‌ಎಸ್ ನಿಜವಾಗ್ಲೂ 1.8ರದ್ದೇ, 160 ಪಿಎಸ್, ಮ್ಯಾನ್ಯುಯಲ್. ಅದರ ಎಂಜಿನ್ ಹಿಂದಿನ ತಲೆಮಾರಿನದ್ದು, ಎಣ್ಣೆ ಕುಡಿಯೋದು, ಚೈನ್ ಟೆನ್ಷನರ್ ಕೈ ಕೊಡೋದು ಅದರಲ್ಲಿ ಜಾಸ್ತಿ.) ದೆಹಲಿ, ಮಹಾರಾಷ್ಟ್ರದ ಕಾರು ಅಗ್ಗಕ್ಕೆ ಸಿಕ್ತು ಅಂತ ಹಾರಬೇಡಿ, ಎನ್‌ಒಸಿ ತಂದು ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಬೇಕು, ನಮ್ಮಲ್ಲಿ 20 ಲಕ್ಷದ ಮೇಲಿನ ಕಾರಿಗೆ ಹೊಸದರಲ್ಲಿ 18 ಪರ್ಸೆಂಟ್, ಕಾರಿನ ವಯಸ್ಸು ನೋಡಿ ಕಡಿಮೆ ಮಾಡ್ತಾರೆ ನಿಜ, ಆದ್ರೂ ಕೂಡಿಸಿ ಕಳೆದು ನೋಡಿದ್ರೆ ಎಷ್ಟೋ ಸಲ ಕೆಎ ನಂಬರ್ ಕಾರೇ ಸಸ್ತಾ ಬೀಳತ್ತೆ. ಇನ್ಶೂರೆನ್ಸ್ ಥರ್ಡ್ ಪಾರ್ಟಿ ರೇಟ್‌ನಲ್ಲಿ 1.8, 2.0 ಎರಡೂ ಒಂದೇ ಸ್ಲ್ಯಾಬ್, 1500 ಸಿಸಿ ಮೇಲೆ. ಪಾರ್ಟ್ಸ್ ಮಾತ್ರ ಬೇರೆ, ವಿಆರ್‌ಎಸ್ 245 ಪೂರ್ತಿ ಹೊರಗಿಂದ ಬಂದ ಕಾರು, ಬಂಪರೋ ಹೆಡ್‌ಲೈಟೋ ಒಡೆದ್ರೆ ತರಿಸ್ಕೊಳ್ಳೋಕೆ ಕಾಯೋ ತಾಳ್ಮೆ ಇರ್ಬೇಕು.

ಹಾಗಾದ್ರೆ ಯಾವ್ದು ತಗೊಳ್ಳೋದು? ದಿನಾ ಆಫೀಸಿಗೆ ಔಟರ್ ರಿಂಗ್ ರೋಡಲ್ಲಿ ಓಡಾಡೋರಿಗೆ 1.8 ಹೇಳಲ್ಲ ನಾನು, ಎಷ್ಟೇ ಅಗ್ಗಕ್ಕೆ ಸಿಕ್ಲಿ. ಊರಲ್ಲಿರೋರು, ಹಾಸನ, ಶಿವಮೊಗ್ಗ, ಹುಬ್ಬಳ್ಳಿ ಕಡೆ, ಟ್ರಾಫಿಕ್ ಕಡಿಮೆ ಹೈವೇ ಜಾಸ್ತಿ ಅನ್ನೋರಿಗೆ ರೀಮ್ಯಾಪ್ ಆಗದ, ಬಿಲ್ ಎಲ್ಲಾ ಇರೋ 1.8 ತುಂಬ ಒಳ್ಳೇ ಕಾರು. ವಿಆರ್‌ಎಸ್ 230 ಮನಸಲ್ಲಿ ಕೂತಿದ್ರೆ ವರ್ಷ ಕಾದ್ರೂ ಪರವಾಗಿಲ್ಲ, ಒಬ್ಬರೇ ಓನರ್ ಇಟ್ಕೊಂಡಿರೋ, ಗೇರ್‌ಬಾಕ್ಸ್ ಎಣ್ಣೆ ಬಿಲ್ ಇರೋ ಕಾರು ಸಿಗೋವರೆಗೂ ಕಾಯಿರಿ, ಅದಕ್ಕೆ ಎರಡು ಲಕ್ಷ ಜಾಸ್ತಿ ಕೇಳಿದ್ರೂ ಕೊಡಬಹುದು. ಕ್ಲಚ್ ಪೆಡಲ್ ಇಷ್ಟ ಅನ್ನೋರು 1.4 ಮ್ಯಾನ್ಯುಯಲ್ ಒಂದ್ಸಲ ಓಡ್ಸಿ ನೋಡಿ, 1.8ರಷ್ಟೇ ಟಾರ್ಕು, ಡಿಎಸ್‌ಜಿ ತಲೆನೋವೇ ಇಲ್ಲ, ಇನ್ಶೂರೆನ್ಸೂ ಕಡಿಮೆ. ನನ್ನ ದುಡ್ಡಲ್ಲಿ ಬೆಂಗಳೂರಿಗೆ ಅಂತ ಒಂದೇ ಕಾರು ತಗೋಬೇಕು ಅಂದ್ರೆ 2021ರ ನಂತರದ 190 ಪಿಎಸ್‌ನ 2.0 ಹುಡುಕ್ತೀನಿ, ವೆಟ್ ಕ್ಲಚ್ಚು, 320 ನ್ಯೂಟನ್ ಮೀಟರ್, ವಿಆರ್‌ಎಸ್ ಹೆಸರಿಲ್ಲ ಅಂತ ಮಾರೋರೂ ಜಾಸ್ತಿ ಗಾಂಚಾಲಿ ಮಾಡಲ್ಲ, 2023ರಲ್ಲಿ ಅದು ನಿಂತ್ ಹೋಗಿರೋದ್ರಿಂದ ಚೆನ್ನಾಗಿರೋದು ಕಣ್ಣಿಗೆ ಬಿದ್ರೆ ಸ್ಕ್ಯಾನ್ ಮಾಡ್ಸಿ ಅವತ್ತೇ ಟೋಕನ್ ಕೊಡಿ.