ಜಿಕಾ ಕಾಡಿನ ಕೋತಿ

ಉಗಾಂಡಾದ ಎಂಟೆಬೆ ಹತ್ತಿರ ಜಿಕಾ ಅಂತ ಒಂದು ಪುಟ್ಟ ಕಾಡಿದೆ. ಇವತ್ತು ಮಧ್ಯಾಹ್ನ ಅದರ ಬಗ್ಗೆಯೇ ಓದುತ್ತಾ ಕೂತಿದ್ದೆ. ಹಳದಿ ಜ್ವರ ಹೇಗೆ ಹರಡುತ್ತೆ ಅಂತ ತಿಳಿಯಲು ಸಂಶೋಧಕರು ಅಲ್ಲಿ ಮರಗಳ ಮೇಲೆ ಅಟ್ಟಣೆ ಕಟ್ಟಿ, ಪಂಜರದಲ್ಲಿ ಕೋತಿಗಳನ್ನು ಇಟ್ಟು, ಮೈ ಬಿಸಿ ಅಳೆಯುತ್ತಿದ್ದರಂತೆ. 1947ರ ಏಪ್ರಿಲ್‌ನಲ್ಲಿ ಒಂದು ಕೋತಿಗೆ ಜ್ವರ ಬಂತು. ಅದರ ರಕ್ತದಲ್ಲಿ ಸಿಕ್ಕಿದ್ದು ಹಳದಿ ಜ್ವರವಲ್ಲ, ಹೊಸ ವೈರಸ್. ಮರುವರ್ಷ ಅದೇ ಕಾಡಿನ ಸೊಳ್ಳೆಗಳಲ್ಲೂ ಅದು ಸಿಕ್ಕಿತು. 2015ರಲ್ಲಿ ಬ್ರೆಜಿಲ್‌ನಲ್ಲಿ ತೀರಾ ಚಿಕ್ಕ ತಲೆಯ ಕೂಸುಗಳು ಹುಟ್ಟತೊಡಗಿದಾಗ ಜಗತ್ತೆಲ್ಲ ಗಾಬರಿಯಾಯಿತಲ್ಲ, ಅದೇ ಜಿಕಾ.

ಉಗಾಂಡಾದಲ್ಲಿ ಎಬೋಲಾ ಬಂದರೆ ಇಂದಿಗೂ ಆ ಸಂಶೋಧಕರಿದ್ದ ಎಂಟೆಬೆಯ ಲ್ಯಾಬ್‌ನಲ್ಲೇ ಪರೀಕ್ಷೆ ನಡೆಯುತ್ತದೆ. ಅಷ್ಟು ಬಡ ದೇಶದಲ್ಲಿ! ನನಗೆ ನಿಜಕ್ಕೂ ಹೆಮ್ಮೆ ಅನಿಸಿತು.

ನಮ್ಮ ಮಲೆನಾಡಲ್ಲೂ ಇದೇ ಕಥೆ ಅಲ್ವಾ? 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗಲೇ ಮಂಗನ ಕಾಯಿಲೆಯ ಸುಳಿವು ಸಿಕ್ಕಿದ್ದು. ಈಗಲೂ ಮಂಗ ಸತ್ತಿದೆ ಅಂದರೆ ಸುತ್ತಲಿನ, ಈ ಕಾಯಿಲೆ ಹರಡುವ ಉಣುಗುಗಳನ್ನು ಹಿಡಿದು ಪರೀಕ್ಷೆಗೆ ಕಳಿಸುತ್ತಾರೆ. ಕಾಯಿಲೆ ಇಲ್ಲದ ವರ್ಷವೂ ಈ ಕೆಲಸ ನಿಲ್ಲಬಾರದು. ಕಾಡು ಸುತ್ತುವ ಆ ಸಿಬ್ಬಂದಿಗೆ ಸಂಬಳವೂ ಸರಿಯಾದ ಸಮಯಕ್ಕೆ ಸಿಗಬೇಕು.